ಮಂತ್ರಿಗಳ ಗಾಡಿ ಓಡಿಸುವವನು ಹೇಳಿದ್ದು

ಮೊತೆಬಾಂಗ್ ಮೇಷ್ಟ್ರಿಗೆ ನಾನೀಗ ಡ್ರೈವರು.
ಮಂತ್ರಿಗಳೇ ಅನ್ನಬೇಕು, ನಾಲಿಗೆ ತಿರುಗುವುದಿಲ್ಲ.
ಕನ್ನಡಿಯಲ್ಲಿ ಕಾಣುವುದು ಅದೇ ತಲೆ,
ಕೂದಲಷ್ಟೇ ಖರ್ಚಾಗಿದೆ.

ಲೆಸೊಥೋದ ಮೇಲುಬೆಟ್ಟದಲ್ಲಿ ಕುರಿ ಕಾಯುವ
ಹದಿನೇಳು ಹುಡುಗರು ನಾವು.
ಹಗಲೆಲ್ಲ ಕುರಿಗಳದು, ಶಾಲೆ ನಮ್ಮದಲ್ಲ.
ಜೂನ್ ತಿಂಗಳ ಹಿಮದಲ್ಲಿ, ಕತ್ತಲಾದ ಮೇಲೆ
ಕುದುರೆಯೇರಿ ಅವರು ಬರುತ್ತಿದ್ದರು,
ಕಂಬಳಿಯೊಳಗೆ ಸೀಮೆಎಣ್ಣೆಯ ಸೀಸೆ.
ಕೊಟ್ಟಿಗೆಯ ಬಾಗಿಲೇ ಕರಿಹಲಗೆ.

"ನಿನ್ನ ಕುರಿ ಎಷ್ಟೋ ಲೆಬೂಸ?"
"ಒಂದೂ ತಪ್ಪಿಲ್ಲ ಮೇಷ್ಟ್ರೇ."
"ಅದು ಲೆಕ್ಕ ಅಲ್ಲ, ನಂಬಿಕೆ" ಅಂದು
ಕೈ ಹಿಡಿದು ನಲವತ್ತೆರಡು ಬರೆಸಿದರು.
ನನ್ನ ಎರಡರ ಬಾಲ ಇವತ್ತಿಗೂ ಡೊಂಕು.

ಆಮೇಲೆ ಏಳು ತಿಂಗಳು ಸಂಬಳ ಬರಲಿಲ್ಲ.
ಮೇಷ್ಟ್ರುಗಳೆಲ್ಲ ಮಸೇರುವಿಗೆ ನಡೆದರು, ಇವರು ಮುಂದೆ.
ಲಾಠಿ ಬಿದ್ದದ್ದು ಎಡಗಿವಿಗೆ.
ಆ ಕಿವಿ ಮತ್ತೆ ಕೇಳಲಿಲ್ಲ,
ಜನ ಓಟು ಹಾಕಿದ್ದು ಆ ಕಿವಿಗೇ.

ಎರಡು ಪಕ್ಷ, ಮೂರು ಸರ್ಕಾರ.
ಮೊದಲು ಕ್ರೀಡೆ ಕೊಟ್ಟರು, ಆಮೇಲೆ ಜಾನುವಾರು.
ಶಿಕ್ಷಣ ಸಿಕ್ಕ ದಿನ, ಹಿಂದಿನ ಸೀಟಿನಲ್ಲಿ,
ಹದಿಮೂರರ ಮಗ್ಗಿ ಹೇಳುತ್ತಾ ಹೋದರು
ಮಸೇರುವಿನಿಂದ ರೋಮಾದವರೆಗೆ.
ಸಂಪುಟ ಸಭೆಗೆ ತಡವಾಗಿ ಬಂದ ಹಣಕಾಸು ಮಂತ್ರಿಗೆ
"ಹೊರಗೆ ನಿಲ್ಲು" ಅಂದುಬಿಟ್ಟರಂತೆ.
ಅವರು ನಿಂತರಂತೆ ಕೂಡ.

ಈ ಸೋಮವಾರ ಸೀಟಿನ ಮೇಲೆ
ಕಾಗದವೊಂದನ್ನು ಬಿಟ್ಟು ಇಳಿದರು.
ಓದಬಾರದು. ಓದಲು ಕಲಿಸಿದವರು ಯಾರು ಮತ್ತೆ?
ನಮ್ಮೂರಿನ ಅರ್ಜಿ:
ಮೂವತ್ತು ಮಕ್ಕಳಿಲ್ಲವೆಂದು ಶಾಲೆ ಮುಚ್ಚಬೇಡಿ,
ಮುಂದಿನ ಶಾಲೆಗೆ ನಡುವೆ ಹೊಳೆಯಿದೆ, ಸೇತುವೆಯಿಲ್ಲ.
ಬರೆದವನು ತ್ಸೇಕೊ, ಹದಿನೇಳರಲ್ಲಿ ಒಬ್ಬ.
ಕೆಂಪು ಶಾಯಿಯಲ್ಲಿ ಅವನ ಅಕ್ಷರ ತಪ್ಪುಗಳಿಗೆಲ್ಲ ಸುತ್ತು;
ಅಂಚಿನಲ್ಲಿ, ಹತ್ತಕ್ಕೆ ಏಳು, ಪರವಾಗಿಲ್ಲ.
ಕೆಳಗೆ, ನೀಲಿಯಲ್ಲಿ,
ಮುಚ್ಚಲು ಅನುಮೋದಿಸಿದೆ.
ಸಹಿ ಮುತ್ತಿನಂತಿತ್ತು.

ಬಾಗಿಲು ತೆಗೆದು ನಿಂತೆ. ಕೂತರು.
"ಓದಿದೆಯಾ?"
"ಓದಿದೆ. ಹೊಳೆ ಅನ್ನುವುದನ್ನು ಅವನು ಸರಿಯಾಗಿಯೇ ಬರೆದಿದ್ದ" ಅಂದೆ,
ಎಡಗಿವಿಯ ಕಡೆಯಿಂದ.
"ಏನಂದೆ?" ಅಂದರು.
ಗಾಡಿ ಹೊರಡಿಸಿದೆ.

ಘಾಟಿಯ ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು.
ಹಾರ್ನ್ ಹಾಕಲಿಲ್ಲ.
ಕನ್ನಡಿಯಲ್ಲಿ ಅವರ ತುಟಿ ಅಲ್ಲಾಡುತ್ತಿತ್ತು; ನನ್ನದೂ.
ಅವರಿಗೆ ಅರವತ್ತೊಂದು ಬಂತು, ನನಗೆ ಐವತ್ತೊಂಬತ್ತು.
ವಾದ ಮಾಡಲಿಲ್ಲ.
ಕೊನೆಗೆ ಬಂದ ಹುಡುಗನಿಗೆ ಎಂಟು ವರ್ಷವಿದ್ದೀತು,
ಕಂಬಳಿ ಅವನಿಗಿಂತ ದೊಡ್ಡದು.
ಗಾಜು ಇಳಿಸಿ ಅವನನ್ನೇ ಕೇಳಬಹುದಿತ್ತು.
ಇಬ್ಬರಲ್ಲಿ ಯಾರೂ ಇಳಿಸಲಿಲ್ಲ.