ಕಾಲು ಸುತ್ತು

ತಾಳವಾಡಿ ಬಸ್‌ಸ್ಟ್ಯಾಂಡಿನ ಹಿಂದೆ, ಹುಣಸೆಮರದಡಿ
ಸಿದ್ದಮಲ್ಲುವಿನ ಅಂಗಡಿ. ಬೋರ್ಡು ತಮಿಳಲ್ಲಿ,
ಬೈಗುಳ ಕನ್ನಡದಲ್ಲಿ,
ಗಿರಾಕಿಗಳ ಬಾಕಿ ಗೋಡೆ ಮೇಲೆ, ಬರೀ ಗೀಟುಗಳಲ್ಲಿ.

ನನ್ನ ಪದ್ಮಿನಿ ಬಾಯಿ ತೆರೆದು ನಿಂತಿದೆ.
ಹಿಂದಿನ ಸೀಟಿಲ್ಲ. ಆ ಜಾಗದಲ್ಲಿ
ನಾಲ್ಕು ಹಾರ್ನು, ಎರಡು ಆಂಪ್ಲಿಫೈಯರು,
ಸುತ್ತಿಟ್ಟ ವಯರು, ಯಾರದೋ ನಾಮಕರಣದ ಬಲೂನು,
ಇನ್ನೂ ಉಸಿರು ಬಿಟ್ಟಿಲ್ಲ.
ಮೂರು ದಿನದಿಂದ ಹೀಗೇ:
ಕಾಲು ಕೊಟ್ಟರೆ ಕರೀ ಹೊಗೆ, ತೆಗೆದರೆ ಕೆಮ್ಮು,
ಎಮ್ಮೆ ಅಡ್ಡ ಬಂತೆಂದು ನಿಂತರೆ
ಎಮ್ಮೆ ದಾಟುವುದರೊಳಗೆ ಸತ್ತಿರುತ್ತದೆ.

"ಟ್ಯೂನಿಂಗು ಎಲ್ಲಿ ಮಾಡುಸ್ದೆ?"
ಕೇಳಿದವನು ನನ್ನ ಕಣ್ಣು ನೋಡಲಿಲ್ಲ, ತುಟಿ ನೋಡಿದ.
"ಸತ್ಯಮಂಗಲ."
"ಅದಾ ಸಮಾಚಾರ. ಬಯಲ್ಗಾಳಿಗ ಹೊಲ್ದಿರ ಅಂಗಿ ಕನ,
ಇಲ್ಲಿಗ ದೊಗಳೆ."

ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಹತ್ತುವಷ್ಟರಲ್ಲಿ
ಗಾಳಿ ತೆಳ್ಳಗಾಗುತ್ತದಂತೆ.
ನಮಗೆ ತಿಳಿಯುವುದಿಲ್ಲ, ಪೆಟ್ರೋಲಿಗೆ ತಿಳಿಯುತ್ತದೆ.
ಅನ್ನ ಅಷ್ಟೇ, ಉಸಿರು ಕಮ್ಮಿ,
ಮದುವೆಮನೆಯಲ್ಲಿ ಮೂರನೇ ಪಂಕ್ತಿಗೂ ಕೂತವನ ಹಾಗೆ.

ಕಾರ್ಬುರೇಟರ್ ಬಿಚ್ಚಿ ತಟ್ಟೆಯಲ್ಲಿಟ್ಟ.
ಅಂಗೈಯಗಲದ ಮನೆ. ಒಂದು ಫ್ಲೋಟು, ಒಂದು ಸೂಜಿ,
ಹಿತ್ತಾಳೆ ಜೆಟ್ಟಿನಲ್ಲಿ ಸಾಸಿವೆ ತೂರದ ತೂತು.
ಬಾಯಿಟ್ಟು ಊದಿದ, ಪೆಟ್ರೋಲು ಉಗಿದ,
ಬೆಳಕಿಗೆ ಹಿಡಿದು ನನಗೂ ತೋರಿಸಿದ:
ಚುಕ್ಕಿಯಷ್ಟು ಆಕಾಶ.

ಮತ್ತೆ ಜೋಡಿಸಿದ. ಕೊರಳಿಗೆ ಸ್ಪ್ರಿಂಗು ಸುತ್ತಿಕೊಂಡ
ಒಂದು ಪುಟಾಣಿ ಸ್ಕ್ರೂ.
ಪೂರ್ತಿ ಒಳಗೆ, ಆಮೇಲೆ ಒಂದೂವರೆ ಸುತ್ತು ಹೊರಗೆ.
"ಚಾಲೂ ಮಾಡು. ಆಕ್ಸಿಲೇಟ್ರ ಬುಡು."

ಆಗತಾನೆ ಬಂದಿದ್ದ ಟೀಯನ್ನು ಅವನು ಕುಡಿಯಲಿಲ್ಲ.
ಗ್ಲಾಸನ್ನು ಎಂಜಿನ್ನಿನ ನೆತ್ತಿಯ ಮೇಲಿಟ್ಟ.

ನಾನು ಕೇಳಿ ಹೇಳ್ತೀನಿ ಎಂದೆ.
ಹದಿನೆಂಟು ವರ್ಷದಿಂದ ಮೈಕ್‌ಸೆಟ್ಟು,
ಸೌಂಡು ಕೂಡಿಸುವುದೇ ನನ್ನ ಕಸುಬು.
ನಕ್ಕ. "ನನ್ ಕಿವಿ ಹೋಗಿ ನಾಕ್ ವರ್ಸ ಆಯ್ತು.
ನಿಂದು ಎಷ್ಟಾಯ್ತೋ, ನಿಂಗ ಗೊತ್ತಿಲ್ಲ."

ಟೀ ಮೇಲೆ ಉಂಗುರದ ಬೆನ್ನಿಗೆ ಉಂಗುರ,
ಅಂಚಿಗೆ ಬಡಿದು ಒಡೆಯುತ್ತಿದ್ದವು.
ಸ್ಕ್ರೂ ಒಂದು ಕೂದಲು ಒಳಗೆ.
"ಸರಿ ಹೋಯ್ತು" ಎಂದೆ.
ಅವನು ನೋಡಲೇ ಇಲ್ಲ. ಇನ್ನೊಂದು ಕೂದಲು.
"ಈಗ ಸರಿ."
ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕೆ ಊರಿ
ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ಕಣ್ಣು ಮುಚ್ಚಿದ,
ಯಾರೋ ಬಲು ದೂರದಿಂದ ಹೆಸರು ಹಿಡಿದು ಕೂಗಿದ ಹಾಗೆ.

ಮತ್ತೊಂದಿಷ್ಟು ಒಳಗೆ.
ಉಂಗುರಗಳು ತೆಳುವಾದವು, ತಡವಾದವು,
ಟೀ ಮೇಲೆ ಕೆನೆ ಕಟ್ಟತೊಡಗಿತು.

ಬಸ್‌ಸ್ಟ್ಯಾಂಡಿನಿಂದ ಹಾಸನೂರು ಹಾಸನೂರು ಎಂಬ ಕೂಗು ಕೇಳಿಸಿತು,
ಸೀಟಿನ ಹಿಂದೆ ಬಲೂನು ಕಿರುಗುಟ್ಟಿದ್ದು ಕೇಳಿಸಿತು.
ಅಯ್ಯೋ, ಎಂಜಿನ್ನು ನಿಂತೇ ಹೋಯಿತಲ್ಲ ಎಂದು ಕೀ ತಿರುಗಿಸಿದೆ.
ಕರ್‍ರ್ ಎಂದು ಹಲ್ಲು ಕಡಿಯಿತು.
ನಿಂತಿರಲಿಲ್ಲ ಅದು. ಓಡುತ್ತಲೇ ಇತ್ತು.

ಸಿದ್ದಮಲ್ಲುವಿಗೆ ಆ ಸದ್ದು ಕೇಳಿಸಿರಲಾರದು,
ಆದರೂ ತಲೆ ಅಲ್ಲಾಡಿಸಿದ.
ಕೆನೆಯನ್ನು ಬೆರಳಲ್ಲೆತ್ತಿ ಪ್ಯಾಂಟಿಗೆ ಒರೆಸಿ
ಟೀ ಕುಡಿದ. ಇನ್ನೂರೈವತ್ತು ಕೇಳಿದ.
ತನ್ನ ಗಿಡ್ಡ ಸ್ಕ್ರೂಡ್ರೈವರನ್ನು ನನ್ನ ಜೇಬಿಗೆ ಸಿಕ್ಕಿಸಿದ:
"ಕೆಳಕ್ ಇಳ್ದ ಮ್ಯಾಲ ಕಾಲು ಸುತ್ತು ಬುಚ್ಚು.
ಹತ್ತಕ್ ಮುಂಚ ಬಿಗಿ ಮಾಡು.
ಒಂದೇ ಹದ ಎರಡೂರ್ಗ ಆಗಲ್ಲ."

ಇಳಿದೆ. ಇಪ್ಪತ್ತೇಳೂ ತಿರುವಲ್ಲಿ
ಹಾರ್ನುಗಳು ಒಂದಕ್ಕೊಂದು ಒರಗಿ ತೂಕಡಿಸಿದವು.
ಬಣ್ಣಾರಿಯ ಚೆಕ್‌ಪೋಸ್ಟ್ ದಾಟಿ ಬಾನೆಟ್ಟೆತ್ತಿದೆ.
ಬಿಸಿಗಾಳಿ. ಎಂಜಿನ್ನಿಗೆ ಸಣ್ಣಗೆ ಬಿಕ್ಕಳಿಕೆ,
ಇರಬಹುದು, ಇಲ್ಲದೆಯೂ ಇರಬಹುದು.
ನನ್ನ ಕಿವಿಯನ್ನು ನಾನು ಕೇಳಲಿಲ್ಲ.

ಟೀ ಅಂಗಡಿಯಾಕೆಗೆ ಅರ್ಧ ಗ್ಲಾಸು ಹೇಳಿದೆ.
ಕುಡಿಯುವುದಕ್ಕಲ್ಲ ಎಂದೂ ಹೇಳಿದೆ.
ತೆರೆದ ಬಾನೆಟ್ಟನ್ನೂ ನನ್ನನ್ನೂ ನೋಡಿ
"ಸರಿ, ಸಕ್ಕರೈ ಎವ್ವಳವು?" ಎಂದಳು.