ನೂರೈದು ಮಿಲಿಮೀಟರ್

ಬಾಗಿಲು ನೂಕಿಕೊಂಡು ಬಂದಳು ಡೆಲ್ಫೀನ್ ಲಲಿಬರ್ಟಿ,
ಬೆನ್ನಿಗಂಟಿದ ಚಳಿಯನ್ನೂ ಒಳಗೆ ಕರೆತಂದು.
ಹೊರಗೆ ಮೈನಸ್ ಮೂವತ್ತೊಂದು.
ಗಾಡಿಯ ಎಂಜಿನ್ ಆರಿಸಿರಲಿಲ್ಲ;
ಸಸ್ಕ್ಯಾಚೆವಾನಿನ ಈ ತುದಿಯಲ್ಲಿ ಯಾರೂ ಆರಿಸುವುದಿಲ್ಲ.

ಮೊಳೆ, ಗಾಳ, ಸೀಮೆಎಣ್ಣೆ, ಬಂದೂಕು,
ಎಲ್ಲಕ್ಕೂ ಒಂದೇ ಕೌಂಟರು ನಮ್ಮದು,
ಎಲ್ಲಕ್ಕೂ ಒಬ್ಬಳೇ ನಾನು, ಒರೆಸ್ತಾ.
ಕೈಗವಸು ಬಿಚ್ಚಿ ಗಾಜಿನ ಮೇಲೆ ಕೈಯಿಟ್ಟಳು.
ಮೂರು ಬೆರಳು. ಉಳಿದೆರಡನ್ನು
ಬೀವರ್ ಕೊಳದ ಮಂಜುಗಡ್ಡೆ ಎಂದೋ ಇಟ್ಟುಕೊಂಡಿತ್ತು.
"ಅದು," ಅಂದಳು, "ಆ ಗಿಡ್ಡನೆಯದು."

ಬೋನು ಬಿಡಿಸುವಾಗ ಎರಡೂ ಕೈ ನೀರಲ್ಲಂತೆ,
ರೈಫಲ್ಲು ಜಾರುಗಾಡಿಯಲ್ಲಿ, ಮೂವತ್ತು ಹೆಜ್ಜೆ ಆಚೆ.
ಹೋದ ವಾರ ಆ ಮೂವತ್ತು ಹೆಜ್ಜೆಯೊಳಗೇ
ತೋಳ ಬಂದು ನಾಯಿಯನ್ನು ಎತ್ತಿಕೊಂಡು ಹೋಯಿತಂತೆ.
ಪಿಸ್ತೂಲು ಕೊಟ್ಟೆ. ಮೂರು ಬೆರಳಿಗೆ ಅದು
ತೊಟ್ಟಿಲಿಗೆ ಮಗು ಕೂತಂತೆ ಕೂತಿತು.

ನಾನು ತೆಳ್ಳನೆ ಕಡ್ಡಿಯೊಂದನ್ನು
ನಳಿಗೆಯ ಬಾಯಿಂದ ಬುಡಕ್ಕೆ ಇಳಿಸಿದೆ,
ಉಗುರಲ್ಲಿ ಗುರುತು ಒತ್ತಿ, ಸ್ಟೀಲಿನ ಸ್ಕೇಲಿಗೆ ಹಿಡಿದೆ.
ನೂರ ಎರಡು.

ನೂರೈದು ದಾಟಿದರೆ ನಿರ್ಬಂಧಿತ.
ನೂರೈದೋ, ಅದಕ್ಕೂ ಕೆಳಗೋ, ನಿಷೇಧಿತ.
ಮೊದಲ ಮಾತಿಗೆ ಪರೀಕ್ಷೆ, ಅರ್ಜಿ, ಪರವಾನಗಿ,
ಕಾಯುತ್ತ ಕಾಯುತ್ತ ಹಿಮ ಕರಗುವುದು.
ಎರಡನೆಯ ಮಾತಿಗೆ ಗೋಡೆ. ಗೋಡೆಯಲ್ಲೊಂದು ಕಿಂಡಿ:
ಇಂಥ ತಾರೀಖಿಗೆ ಮೊದಲೇ ಕೈಯಲ್ಲಿದ್ದವರಿಗೆ ಮಾತ್ರ.
ಇದನ್ನಿಟ್ಟು ಸತ್ತ ಮುದುಕ ಆ ಕಿಂಡಿಯವನು.
"ಆ ತಾರೀಖಿಗೆ ನಾನಿನ್ನೂ ಎಂಟನೇ ಕ್ಲಾಸು," ಅಂದಳು.

ಗೋಡೆಗೊರಗಿದ್ದ ರೈಫಲ್ಲಿನತ್ತ ಗಲ್ಲ ಎತ್ತಿದಳು.
ಅರ್ಧ ಮೈಲಿಯಾಚೆಯ ಮೂಸನ್ನು ಮಂಡಿಯೂರಿಸುವಂಥದು.
"ಅದು?"
"ಲೈಸೆನ್ಸ್ ಇದೆಯಲ್ಲ, ಈಗಲೇ ಒಯ್ಯಿ."
ಅವಳು ಸ್ಕೇಲಿನ ಮೇಲೆ ತನ್ನ ಅಂಗೈ ಚಾಚಿದಳು:
"ಇದನ್ನೂ ಅಳೆ ಒರೆಸ್ತಾ. ಇದು ಯಾವ ವರ್ಗ?"

ನಕ್ಕೆ. ನಗುವಂಥದೇ ಆ ಮಾತು.

ಅವಳಿಗೆ ಹೇಳದ್ದು ಇದು:
ನನ್ನ ತಮ್ಮ ತಾರಾಸನ ಓವರ್‌ಕೋಟಿನ ಒಳಜೇಬಲ್ಲೂ
ಇಂಥದೇ ಒಂದು ಇತ್ತು.
ಅವ್ವ ಬೀಟ್‌ರೂಟಿನ ಸಾರು ಬಡಿಸುವಾಗ ಇತ್ತು,
ಅವನು ಬ್ರೆಡ್ಡು ಮುರಿದು ನನಗೆ ಪಾಲು ಕೊಡುವಾಗ ಇತ್ತು.
ಯಾರಿಗೂ ಕಾಣಲಿಲ್ಲ, ಅಷ್ಟು ಗಿಡ್ಡ.
ರೈಫಲ್ಲಾಗಿದ್ದರೆ ಅವ್ವನ ಕಣ್ಣಿಗೆ ಬೀಳುತ್ತಿತ್ತು,
"ಎಲ್ಲಿಗೋ ಈ ಹೊತ್ತಲ್ಲಿ?" ಎಂದು ಕೇಳುತ್ತಿದ್ದಳು.
ಕೇಳಿದ್ದರೆ ಅವನು ಕೂರುತ್ತಿದ್ದ. ಹಾಗಂತ ಅವ್ವ
ಸಾಯುವ ತನಕ ಹೇಳಿದಳು.

ಕ್ಯಾಟಲಾಗ್ ಬಿಡಿಸಿದೆ.
ಈ ದೇಶಕ್ಕೆಂದೇ ಒಂದು ಕಂಪನಿ
ಅದೇ ಪಿಸ್ತೂಲಿನ ನಳಿಗೆಯನ್ನು ನೂರಾರಕ್ಕೆ ಎಳೆದು ಮಾರುತ್ತದೆ.
ಒಂದು ಗೋಧಿಕಾಳಿನ ಅಡ್ಡಗಲ ಹೆಚ್ಚು, ಅಷ್ಟೇ.
ಅಷ್ಟಕ್ಕೇ ಬೇರೆ ಹೆಸರು, ಬೇರೆ ಬಾಗಿಲು.
"ತೋಳಕ್ಕೆ ಗೊತ್ತಾಗುತ್ತಾ ವ್ಯತ್ಯಾಸ?"
"ಇಲ್ಲ," ಅಂದೆ.
ಜೇಬಿಗೆ ಗೊತ್ತಾಗುತ್ತದೋ, ನನಗೂ ತಿಳಿಯದು.

ಉಳಿದ ಬೆರಳಲ್ಲಿ ಪೆನ್ನು ಅದುಮಿ ಸಹಿ ಹಾಕಿದಳು,
ತನ್ನ ಹೆಸರನ್ನು ತಾನೇ ಒಮ್ಮೆ ಓದಿಕೊಂಡಳು.
ಪರವಾನಗಿ ಬರುವವರೆಗೆ ಏನು ಎಂದು ನಾನು ಕೇಳಲಿಲ್ಲ.
ಆರು ಬೆಂಕಿಪೊಟ್ಟಣ,
ಉಳಿದ ನಾಯಿಯ ಕೊರಳಿಗೊಂದು ಗಂಟೆ ಕೊಂಡಳು.
ಗಾಡಿ ತಿರುಗುವ ತನಕ ಗಂಟೆ ಕೇಳಿಸುತ್ತಿತ್ತು.

ರಾತ್ರಿ ಅಂಗಡಿಯ ಸ್ಕೇಲು ಮನೆಗೆ ತಂದೆ.
ಕೋಟು ಬಾಗಿಲ ಹಿಂದೆ, ಅವ್ವ ತೂಗುಹಾಕಿದ ಮೊಳೆಯಲ್ಲೇ ಇದೆ.
ಒಳಜೇಬಿಗೆ ಇಳಿಸಿದೆ.
ನೂರೆರಡು ಮುಳುಗಿತು, ನೂರಾರು ಮುಳುಗಿತು,
ಸ್ಕೇಲು ಪೂರ್ತಿ ಹೋಗಿ
ಹಿಂದೆಯೇ ನನ್ನ ಮಣಿಕಟ್ಟೂ ಹೋಯಿತು.

ತಳದಲ್ಲಿ ಸಿಕ್ಕಿದ್ದು
ಸೂರ್ಯಕಾಂತಿ ಬೀಜದ ಸಿಪ್ಪೆ, ಒಂದು ಹಿಡಿ.
ಮತ್ತೆ ಅಲ್ಲೇ ಸುರಿದೆ.