ಚಿಲ್ಲರೆ

ಮಲ್ಪೆಯ ಐಸ್ ಪ್ಲಾಂಟಿಗೆ ಲೆಕ್ಕ ಬರೆಯಲು ಸೇರಿದ ದಿನ
ಗುಲಾಬಕ್ಕ ಕೇಳಿದ್ದು ಒಂದೇ ಪ್ರಶ್ನೆ:
"ಅರೆಕಾಲು ಅಂದರೆ ಎಷ್ಟು, ಗೊತ್ತುಂಟಾ?"
ಎಂಟರಲ್ಲೊಂದು, ಎಂದೆ. ಸೊನ್ನೆ ಪಾಯಿಂಟ್ ಒಂದು ಎರಡು ಐದು.
"ನೀನು ಅಷ್ಟುದ್ದ ಹೇಳುವಾಗ ಅದು ಕರಗಿ ನೀರಾಯ್ತು."

ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವರು.
ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ
ಇನ್ನೂ ಬಾಯಲ್ಲಿ, ವೀಳ್ಯದ ಪಕ್ಕ,
ಯಾವುದು ಯಾವಾಗ ಹೊರಬರುವುದೋ ಹೇಳಲಾಗದು.

ಜಲನಿಧಿ ಬೋಟಿನ ತಂಡೇಲ ಬಂದು
ಮುಂದಿನ ಗೂಡಿಗೆ ನಾಲ್ಕು ಟನ್ನಿಗೆ ಅರೆಕಾಲು ಕಮ್ಮಿ,
ನಡುವಿನದಕ್ಕೆ ಎರಡರ ಮೇಲೆ ಅರೆಕಾಲು,
ಹಿಂದಿನದಕ್ಕೆ ಒಂದೂವರೆಯ ಮೇಲೆ ಅರೆಕಾಲು ಎಂದ.
ನನ್ನ ಬೆರಳು ಗುಂಡಿ ಹುಡುಕುವ ಮೊದಲೇ
ಗುಲಾಬಕ್ಕ ಕಿಟಕಿಯಾಚೆ ಉಗಿದು
"ನಾಲ್ಕು, ಎರಡು, ಒಂದೂವರೆ.
ಏಳೂವರೆ. ಒಂಚೂರು ಮೇಲೆ."

ನಾನು ಒತ್ತಿದೆ. ಇಪ್ಪತ್ತೆರಡೂಕಾಲು ಬಂತು.
ಬರೆದೂ ಬಿಟ್ಟೆ.
ಯಂತ್ರದ ಮುಖದಲ್ಲಿ ಸಂಶಯದ ಒಂದು ಗೆರೆಯಿಲ್ಲ.

"ಇಪ್ಪತ್ತೆರಡು ಟನ್ನಾ ಮಾರಾಯ!
ಮತ್ತೆ ಮೀನು ಎಲ್ಲಿ ಮಲಗುವುದು, ಜನ ಎಲ್ಲಿ ಕೂರುವುದು?"
ತಂಡೇಲ ನಕ್ಕ, ಐಸ್ ಒಡೆಯುವವರೂ ನಕ್ಕರು.
ಒಂದು ಚುಕ್ಕಿ ಜಾರಿತ್ತು, ಅಷ್ಟೆ:
ಒಂದೂ ಚಿಲ್ಲರೆ ಹೋಗಿ ಹದಿನಾರೂ ಚಿಲ್ಲರೆ.

ಅಂದಿನಿಂದ ಮೊದಲು ಅಂದಾಜು, ಆಮೇಲೆ ಯಂತ್ರ.
ಅರೆಗಿಂತ ಹೆಚ್ಚಿದ್ದರೆ ಮೇಲಕ್ಕೆ, ಕಮ್ಮಿಯಿದ್ದರೆ ಕೆಳಕ್ಕೆ
ಎಂದು ನಾನು ಶಾಲೆಯದನ್ನೇ ಒಪ್ಪಿಸಿದರೆ
"ಯಾರಿಗೆ ಅಂತ ಮೊದಲು ಕೇಳು" ಎನ್ನುವರು.
"ಡೀಸೆಲ್ಲಿಗಾದರೆ ಒಂಬತ್ತೂಕಾಲು ಡ್ರಮ್ಮೂ ಹತ್ತು,
ನಡುಗಡಲಲ್ಲಿ ಯಾರ ಮನೆಗೆ ಕಡ ಕೇಳಲು ಹೋಗುವುದು?
ಸಿಗಲಿಕ್ಕಿರುವ ಮೀನಿಗೆ ಒಂಬತ್ತೂಮುಕ್ಕಾಲೂ ಒಂಬತ್ತೇ.
ಎಲ್ಲವನ್ನೂ ಒಂದೇ ಕಡೆ ದೂಡಬೇಡ,
ಬೋಟು ವಾಲುತ್ತದೆ."

ಅಕ್ಟೋಬರಿನಲ್ಲಿ, ಒಂದು ಸಂಜೆ ಐದಕ್ಕೆ,
ವಯರ್‌ಲೆಸ್ಸಿನಲ್ಲಿ ಗೊರಗೊರ ಸುದ್ದಿ:
ಜಲನಿಧಿಯ ಇಂಜಿನ್ ಸತ್ತಿದೆ,
ಇನ್ನೊಂದು ಬೋಟು ಹಗ್ಗ ಕಟ್ಟಿ ಎಳೆದು ತರುತ್ತಿದೆ.
ದೂರ ನಲವತ್ತೇಳೂಮುಕ್ಕಾಲು ಮೈಲಿ,
ವೇಗ ಗಂಟೆಗೆ ನಾಲ್ಕಕ್ಕೆ ಅರೆಕಾಲು ಕಮ್ಮಿ.

ದಕ್ಕೆಯ ಹೆಂಗಸರು ನಮ್ಮ ಕಿಟಕಿಗೆ ಬಂದು ನಿಂತರು.
"ನಲವತ್ತೆಂಟು, ನಾಲ್ಕು," ಎಂದರು ಗುಲಾಬಕ್ಕ,
"ಹನ್ನೆರಡು ಗಂಟೆ. ಬೆಳಿಗ್ಗೆ ಐದಕ್ಕೆ ಇಲ್ಲಿರಿ."
ಅವರು ಗಂಜಿಗೆ ಅಕ್ಕಿ ಹಾಕಲು ಹೋದರು.
ನಾನು ಮೇಜಿನ ಕೆಳಗೆ ಒತ್ತಿ ನೋಡಿದೆ:
ಹನ್ನೆರಡು ಪಾಯಿಂಟ್ ಮೂರು ಎರಡು.
ಇಷ್ಟಕ್ಕೆ ಬಾಯಿ ಬಿಡುವುದೇಕೆ ಎಂದು ಸುಮ್ಮನಾದೆ.

ಐದು ಗಂಟೆ.
ಮಳೆಯ ಪರದೆಯ ಹಿಂದೆ ಕಡಲಿಗೆ ಕಡಲೇ ಕಾಣುವುದಿಲ್ಲ.
ಐದೂ ಐದು.
ಒಬ್ಬಳು ಗಂಜಿಯ ತೂಕುಪಾತ್ರೆಯ ಮುಚ್ಚಳ ತೆಗೆದು, ಮುಚ್ಚಿ,
ತೆಗೆದು, ಮುಚ್ಚಿ.
ಐದೂ ಹತ್ತು. ಯಾರೂ ನಮ್ಮ ಕಿಟಕಿಯತ್ತ ನೋಡಲಿಲ್ಲ,
ಅದೇ ನೋಟಕ್ಕಿಂತ ಭಾರ.
ಐದೂಕಾಲು. ಗುಲಾಬಕ್ಕನ ಬಾಯಲ್ಲಿ ವೀಳ್ಯ ನಿಂತುಹೋಯಿತು.

ಹಗುರ ಎಂದು ನಾವು ಬಿಟ್ಟ ಚಿಲ್ಲರೆ
ಎಲ್ಲಿಗೂ ಹೋಗಿರಲಿಲ್ಲ.
ದಕ್ಕೆಯ ಮೇಲೆ ನೆನೆಯುತ್ತಾ ನಿಂತಿತ್ತು.

ಐದೂ ಇಪ್ಪತ್ತಕ್ಕೆ ಹಗ್ಗ ಕಲ್ಲುಕಂಬಕ್ಕೆ ಬಿತ್ತು.
ಪಾಲಿನ ಪುಸ್ತಕದಲ್ಲಿ ಆ ಬೋಟಿಗೆ
ತಂಡೇಲನಿಗೆ ಎರಡು, ಐವರಿಗೆ ಒಂದೊಂದು,
ಹೊಸಬ, ಕೊಪ್ಪಳದ ತಿಪ್ಪೇಶನಿಗೆ ಅರೆ.
ಏಳೂವರೆ ಪಾಲು.
ಗುಲಾಬಕ್ಕ ಬೆರಳು ಮಡಚಿ ಎಣಿಸಿದ್ದು ತಲೆ:
ಏಳು.
ತಿಪ್ಪೇಶನಲ್ಲಿ ಬೆರಳು ಅರ್ಧಕ್ಕೆ ಮಡಚಲಿಲ್ಲ.

ಆಫೀಸಿಗೆ ಮರಳಿ ಸೀರೆಯ ಅಂಚು ಹಿಂಡುತ್ತಾ ಕೇಳಿದರು,
"ನಿನ್ನ ಡಬ್ಬಿ ಎಷ್ಟು ಹೇಳಿತ್ತು?"
ಹೇಳಿದೆ.
ತುಂಬಾ ಹೊತ್ತು ಮಾತಿಲ್ಲ. ಕಂಪ್ರೆಸರ್ ಗುಂಯ್ ಎನ್ನುತ್ತಿತ್ತು.
ಆಮೇಲೆ, ಎಲೆಗೆ ಸುಣ್ಣ ಸವರುತ್ತಾ,
"ಕಾಯುವವರಿಗೆ ಮೇಲಕ್ಕೇ ದೂಡಬೇಕಿತ್ತು.
ಇನ್ನೊಮ್ಮೆ ನಾನು ಮರೆತರೆ
ನೀನು ಹದಿಮೂರು ಅನ್ನು."